ತೊಂಬತ್ತಾರರ ನಂತರ ಮೂವತ್ತಮೂರು

ಓದುವುದು ನನ್ನ ಹುಟ್ಟುಗುಣ. ಇದು ಸಾಗರದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ವೃತ್ತಿಯಲ್ಲೂ ನಾನು ಓದುವವನೇ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬಿಲ್ಲು ಹರಿದುಕೊಡುವುದು ನನ್ನ ಕೆಲಸ. ಹಗಲಿಡೀ ಅಂಕಿ, ಸಂಜೆ ಅಕ್ಷರ. ಹೀಗಿರುವಾಗ ಓದುವ ವಿಷಯದಲ್ಲಿ ನಾನು ತಪ್ಪುವುದುಂಟೇ? ಉಂಟು. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮದೊಂದು ವಾಟ್ಸಾಪ್ ಗುಂಪಿದೆ, 'ಓದುಗರ ಕಟ್ಟೆ' ಅಂತ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರು ಅದರಲ್ಲಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಅಲ್ಲಿ 'ಇತ್ತೀಚೆಗೆ ಓದಿದ್ದು' ಎಂಬ ತಲೆಬರಹದಡಿ ನನ್ನ ಅಭಿಪ್ರಾಯವನ್ನು ಪ್ರಕಟಪಡಿಸುತ್ತೇನೆ. ಯಾರೂ ಕೇಳಿಲ್ಲ, ಆದರೂ ಪ್ರಕಟಪಡಿಸುತ್ತೇನೆ. 'ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ' ಎಂದು ಶುರುಮಾಡಿದರೆ ಮೂರು ಪರದೆ ತುಂಬುವ ತನಕ ನಿಲ್ಲುವುದಿಲ್ಲ. ಒಮ್ಮೆ ಒಂದು ಪತ್ತೇದಾರಿ ಕಾದಂಬರಿಯ ಕೊಲೆಗಾರ ಯಾರೆಂದು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ, ಆ ಪುಸ್ತಕವನ್ನು ಅರ್ಧ ಓದಿದ್ದ ನಾಲ್ವರು ನನ್ನ ಜತೆ ಮಾತು ಬಿಟ್ಟಿದ್ದರು. ಉಳಿದವರು ಕೈಮುಗಿಯುವ ಚಿತ್ರ ಹಾಕುತ್ತಾರೆ. ಅದರ ಅರ್ಥ 'ಮೆಚ್ಚಿದೆವು' ಎಂದೋ 'ಸಾಕು ಮಾಡಿ' ಎಂದೋ ನಾನು ವಿಚಾರಿಸಲು ಹೋಗಿಲ್ಲ.

ನನ್ನ ಹೆಂಡತಿ ಜಯಾ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳೂ ಓದುತ್ತಾಳೆ. ನನಗಿಂತ ಬೇಗ ಓದುತ್ತಾಳೆ. ಆದರೆ ಅವಳ ವಿಮರ್ಶೆಯಲ್ಲಿ ಇರುವುದು ಎರಡೇ ಮಾತು: 'ಚೆನ್ನಾಗಿದೆ', 'ಚೆನ್ನಾಗಿಲ್ಲ'. ಇಷ್ಟರಲ್ಲೇ ಮುಗಿಸಿಬಿಟ್ಟರೆ ಸಾಹಿತ್ಯ ಬೆಳೆಯುವುದು ಹೇಗೆ ಎಂದು ನನಗೆ ಅವಳ ಮೇಲೆ ಒಳಗೊಳಗೇ ಕನಿಕರವಿತ್ತು.

ನನ್ನ ಅವನತಿ ಆರಂಭವಾದದ್ದು ಒಂದು ಕಾಮಿಕ್ಸ್‌ನಿಂದ. ಅಕ್ಕನ ಮಗಳು ಸಿಂಚನಾ ಕಾಲೇಜಿನ ರಜೆಗೆ ಬಂದವಳು ಜಪಾನಿನದೊಂದು ಚಿತ್ರಕತೆಯ ಪುಸ್ತಕವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದಳು. ಕತ್ತಿವರಸೆ ಕಲಿತ ಹುಡುಗಿಯೊಬ್ಬಳ ಕತೆ. ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಏನೋ ದೊಡ್ಡಕ್ಷರದಲ್ಲಿ ಬರೆದಿತ್ತು. ಮುನ್ನುಡಿ ಓದುವ ಅಭ್ಯಾಸ ನನಗಿಲ್ಲ. ದಾಟಿಸಿ ಮುಂದೆ ಹೋದೆ. ಅಬ್ಬಾ, ಎಂಥ ಕತೆ! ಸತ್ತವರು ಎದ್ದು ಕೂರುತ್ತಾರೆ. ಗಾಯಗಳು ಮಾಯುತ್ತವೆ. ಕತ್ತಿಗಳು ಒರೆಗೆ ಮರಳುತ್ತವೆ. ಬದ್ಧವೈರಿಗಳು ಗೆಳೆಯರಾಗಿ, ಕೊನೆಯ ಪುಟದಲ್ಲಿ ಪರಸ್ಪರ ಪರಿಚಯವೇ ಇಲ್ಲದವರಂತೆ ಹೆಸರು ಕೇಳಿಕೊಳ್ಳುತ್ತಾರೆ! ನಾನು ಕಟ್ಟೆಯಲ್ಲಿ ಬರೆದೆ: 'ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ವೈರದಿಂದ ಅಪರಿಚಯದ ಕಡೆಗೆ ಸಾಗುವ ಈ ವೈರಾಗ್ಯ ಪೂರ್ವದೇಶದವರಿಗೆ ಮಾತ್ರ ಸಾಧ್ಯ.'

ಅರ್ಧ ಗಂಟೆಯಲ್ಲಿ ಸಿಂಚನಾಳ ಫೋನ್ ಬಂತು.

"ಮಾಮ, ಅದನ್ನ ಬಲಗಡೆಯಿಂದ ಓದ್ಬೇಕು. ಕೊನೇ ಪುಟದಿಂದ ಶುರು ಮಾಡ್ಬೇಕು."

"ಹಾಗಂತ ಎಲ್ಲಿ ಬರ್ದಿದೆ?"

"ನೀವು ಮೊದ್ಲು ತೆರೆದ ಪುಟದಲ್ಲೇ. 'ನಿಲ್ಲಿ, ನೀವು ತಪ್ಪು ಕಡೆಯಿಂದ ಓದ್ತಿದೀರಿ' ಅಂತ!"

ನೋಡಿದೆ. ಹೌದು, ಬರೆದಿತ್ತು. ಚಿತ್ರ ಸಮೇತ ಬರೆದಿತ್ತು. ಅಷ್ಟರಲ್ಲಿ ಕಟ್ಟೆಯಲ್ಲಿ ಹನ್ನೊಂದು ಜನ ಕೈಮುಗಿದಾಗಿತ್ತು. ಆ ದಿನ ನಾನೊಂದು ಪ್ರತಿಜ್ಞೆ ಮಾಡಿದೆ. ಪುಟಗಳು ಹಿಂದುಮುಂದಾಗಿದ್ದರೆ, ಅಂಕಿ ಅಡ್ಡಾದಿಡ್ಡಿ ಇದ್ದರೆ, ಅದು ಬರೆದವರ ಉದ್ದೇಶ ಎಂದು ತಿಳಿಯಬೇಕು. ಇನ್ನು ಮೇಲೆ ಯಾವ ಪುಸ್ತಕವನ್ನೂ ನಾನು ಅನುಮಾನಿಸಬಾರದು.

ಪ್ರತಿಜ್ಞೆ ಮಾಡಿದ ಹದಿನೈದೇ ದಿನಕ್ಕೆ ಅರಳಸುರಳಿಯಿಂದ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಕಳಿಸಿದವರು ಶೇಷಗಿರಿ ಮೇಷ್ಟ್ರು. ಹೊಸನಗರದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ ವರ್ಷಗಟ್ಟಲೆ ಕೂತು ಒಂದು ಕಾದಂಬರಿ ಬರೆದಿದ್ದರು. ಹೊಸನಗರದಲ್ಲಿ ಅದರ ಬಗ್ಗೆ ಭಾನುವಾರ ಒಂದು ಮಾತುಕತೆ ಇಟ್ಟುಕೊಂಡಿದ್ದರು.

"ಸುಬ್ಬರಾಯಾ, ನಂಗೀಗ ಎಪ್ಪತ್ತೇಳು. ಇದು ಮೊದಲ್ನೇ ಪುಸ್ತಕ. ಇನ್ನೊಂದು ಬರೀತೀನೋ ಇಲ್ವೋ ಗೊತ್ತಿಲ್ಲ. ಇದರ ಮೇಲೆ ನೀನೇ ಮಾತಾಡ್ಬೇಕು ಮಾರಾಯ," ಎಂದರು ಫೋನಿನಲ್ಲಿ.

ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ, ಎಷ್ಟೋ ಶಿಷ್ಯರಿರುವಾಗ ನನ್ನನ್ನೇ ಕೇಳುತ್ತಿದ್ದಾರೆ. ಅವರಿಗೆ ಚೂರೂ ನೋವಾಗದಂತೆ, ಆ ಭಾನುವಾರ ಅವರ ಬದುಕಿನ ಒಳ್ಳೆಯ ದಿನವಾಗುವಂತೆ ಮಾತಾಡಬೇಕು ಎಂದು ನಿಶ್ಚಯಿಸಿದೆ.

ಕಾದಂಬರಿ ನೇರವಾಗಿತ್ತು. ಭಾಗೀರಥಿ ಎಂಬ ಶಾಲಾ ಟೀಚರ್, ವಯಸ್ಸು ಮೂವತ್ತಮೂರು. ತೊಂಬತ್ತಾರನೇ ಪುಟದಲ್ಲಿ ಅವಳು ನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ವರ್ಗಾವಣೆ ಆದೇಶದ ಲಕೋಟೆ ಒಡೆಯುತ್ತಾಳೆ. ತಾನು ಕಲಿಸಿದ ಮಕ್ಕಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬರತೊಡಗುತ್ತಾರೆ. ಎದುರಿನ ಪುಟಕ್ಕೆ ಕಣ್ಣು ಹಾಯಿಸಿದೆ. 'ರಾಣಿ ನೊಣದ ಹೊಟ್ಟೆ ಉದ್ದವಾಗಿರುತ್ತದೆ. ಅದನ್ನು ಗುರುತಿಸಿದ ಮೇಲೆಯೇ ಪೆಟ್ಟಿಗೆಯನ್ನು ಸ್ಥಳಾಂತರಿಸಬೇಕು.'

ನಾನು ದಂಗಾದೆ. ಮುಂದೆ ಹದಿನಾರು ಪುಟ ಬರೀ ಜೇನು! ಗಂಡು ನೊಣಗಳ ಸೋಮಾರಿತನ. ಹೊಗೆ ಹಾಕುವ ಕ್ರಮ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುವ ಉಪಾಯ. ಆಮೇಲೆ ಇದ್ದಕ್ಕಿದ್ದಂತೆ ಭಾಗೀರಥಿ ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಾಳೆ. ಪುಟಸಂಖ್ಯೆ ನೋಡಿದೆ. ತೊಂಬತ್ತಾರರ ನಂತರ ಮೂವತ್ತಮೂರು! ಅಲ್ಲಿಂದ ನಲವತ್ತೆಂಟರವರೆಗೆ ಹೋಗಿ, ಮತ್ತೆ ನೂರ ಹದಿಮೂರು!

ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ಆದರೆ ನಾನು ಈಗಾಗಲೇ ಪೆಟ್ಟು ತಿಂದು ಪಳಗಿದವನು. ಭಾಗೀರಥಿಯ ವಯಸ್ಸೂ ಮೂವತ್ತಮೂರು, ಪುಟವೂ ಮೂವತ್ತಮೂರು. ಇದು ಆಕಸ್ಮಿಕವೇ? ಪೆನ್ಸಿಲ್ ಹಿಡಿದು ಅಡಿಗೆರೆ ಹಾಕುತ್ತಾ ಕೂತೆ.

ಜಯಾ ಹೊಲಿಗೆಯ ಮಧ್ಯೆ ಎದ್ದುಬಂದು ಪುಸ್ತಕ ತಿರುವಿ ನೋಡಿದಳು.

"ರೀ, ಇದು ಬೇರೆ ಪುಸ್ತಕದ ಹಾಳೆ. ಬೈಂಡಿಂಗಲ್ಲಿ ತಪ್ಪಿ ಸೇರಿಸಿ ಹೊಲ್ದಿದಾರೆ. ಒಬ್ಬರ ರವಿಕೆಗೆ ಇನ್ನೊಬ್ಬರ ತೋಳು ಇಟ್ಟ ಹಾಗೆ."

"ನಿಂಗೆ ಹೊಲಿಗೆ ಗೊತ್ತು ಜಯಾ. ಇದು ತಂತ್ರ."

"ಊರೋರ ಮೀಟರ್ ನಂಬರ್ ಎಲ್ಲಾ ಓದ್ತೀರಿ. ಪುಟದ ನಂಬರ್ ಓದಕ್ಕಾಗಲ್ವಾ ನಿಮ್ಗೆ? ಮೇಷ್ಟ್ರಿಗೊಂದು ಫೋನ್ ಮಾಡಿ ಕೇಳಿ ಮಾರಾಯ್ರೆ."

ಕೇಳುವುದೇ? 'ಸರ್, ನಿಮ್ಮ ತಂತ್ರ ನನಗೆ ಅರ್ಥವಾಗಲಿಲ್ಲ' ಎಂದು ಶಿಷ್ಯನಾದವನು ಬಾಯಿಬಿಟ್ಟು ಹೇಳುವುದೇ? ಸಾಧ್ಯವಿಲ್ಲ!

ಅಷ್ಟರಲ್ಲಿ ಮೇಷ್ಟ್ರೇ ಫೋನ್ ಮಾಡಿದರು. ಸ್ವರ ಯಾಕೋ ಅಳುಕುತ್ತಿತ್ತು.

"ಪೂರ್ತಿ ಓದ್ದ್ಯಾ? ಬಸ್‌ಸ್ಟ್ಯಾಂಡ್ ಆದ್ಮೇಲೆ ಬರೋ ಭಾಗ?"

"ಅದೇ ಸರ್ ಪುಸ್ತಕದ ಜೀವ!"

"ಹೌದಾ? ನಿಂಗೆ... ಬೇಜಾರಾಗ್ಲಿಲ್ವಾ?"

"ಬೇಜಾರಾ? ಎರಡು ಸಲ ಓದಿದೆ ಸರ್. ಅದನ್ನೇ ಹಿಡ್ಕೊಂಡು ಮಾತಾಡ್ತೀನಿ."

"ಎಲ್ಲರೆದುರಿಗಾ?" ಮೇಷ್ಟ್ರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡರು. "ದೊಡ್ಡ ಮನಸ್ಸು ಮಾರಾಯ ನಿಂದು," ಎಂದು ಫೋನ್ ಇಟ್ಟರು. ನನ್ನ ಮನಸ್ಸಿನ ಗಾತ್ರದ ಬಗ್ಗೆ ನನಗೆ ಮೊದಲಿಂದಲೂ ಸಂಶಯವಿರಲಿಲ್ಲ. ಫೋನ್ ಕೆಳಗಿಟ್ಟು ಜಯಾಳ ಕಡೆ ಗೆದ್ದವನಂತೆ ನೋಡಿದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಹೊಸನಗರಕ್ಕೆ ಹೋದೆವು. ಶಾಲೆಯೊಂದರ ಸಭಾಂಗಣ. ಬಂದವರಿಗೆಲ್ಲ ಅವಲಕ್ಕಿ, ಕಷಾಯ. ನಲವತ್ತು ಜನ ಸೇರಿದ್ದರು, ಅರ್ಧಕ್ಕರ್ಧ ಮೇಷ್ಟ್ರ ಹಳೇ ಶಿಷ್ಯರು, ಹಲವರ ಕೈಯಲ್ಲಿ ಪುಸ್ತಕ. ಮೇಷ್ಟ್ರು ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಬಂದ ಮಗುವಿನಂತೆ ಕೂತಿದ್ದರು. ಜಯಾ ಎರಡನೇ ಸಾಲಿನಲ್ಲಿ ಕೂತು ಚೀಲದಿಂದ ರವಿಕೆ ತೆಗೆದು ಹುಕ್ಕು ಹಾಕತೊಡಗಿದಳು.

ನಾನು ಗಂಟಲು ಸರಿಮಾಡಿಕೊಂಡೆ.

"ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಇದು ಭಾಗೀರಥಿಯ ಕತೆಯಲ್ಲ. ಜೇನಿನ ಕತೆ!"

ಸಭೆ ನಿಶ್ಶಬ್ದವಾಯಿತು. ನಾನು ಅದನ್ನು ತನ್ಮಯತೆ ಎಂದುಕೊಂಡೆ. ರಾಣಿ ನೊಣವೇ ಭಾಗೀರಥಿ ಎಂದೆ. ಪೆಟ್ಟಿಗೆಯ ಸ್ಥಳಾಂತರವೇ ವರ್ಗಾವಣೆ ಎಂದೆ. ಗಂಡು ನೊಣಗಳು ಶಿಕ್ಷಣ ಇಲಾಖೆ! ನೀರಿನ ಬಟ್ಟಲು ಟೀಚರಮ್ಮನ ಕಣ್ಣೀರು! ಹೊಗೆ ಹಾಕುವುದು ಸಮಾಜ! ಪುಟಸಂಖ್ಯೆ ತೊಂಬತ್ತಾರರಿಂದ ಮೂವತ್ತಮೂರಕ್ಕೆ ಇಳಿಯುವಲ್ಲಿ ಕಾಲವೇ ಹಿಂದಕ್ಕೆ ಹರಿಯುತ್ತದೆ ಎಂದೆ. ಜನ ಗಡಿಬಿಡಿಯಿಂದ ಪುಟ ತಿರುವತೊಡಗಿದರು. ನನ್ನ ಮಾತು ಇಷ್ಟು ಪರಿಣಾಮ ಬೀರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಮಾತಾಡಿದೆ.

ಹಿಂದಿನ ಸಾಲಿನಿಂದ ಮಾಸ್ತಿಕಟ್ಟೆಯವರೊಬ್ಬರು ಎದ್ದು ನಿಂತರು.

"ಅಲ್ಲ ಮಾರಾಯ್ರೆ, ನಮ್ಮನೇಲಿ ಹತ್ತು ಪೆಟ್ಟಿಗೆ ಜೇನಿದೆ. ಜೇನಿನ ವಿಷಯ ಅಂದ್ರೆ ನಂಗೆ ಜೀವ. ಪುಸ್ತಕ ಪೂರ್ತಿ ಹುಡುಕಿದೆ. ಒಂದು ನೊಣವೂ ಇಲ್ವಲ್ಲ!"

ಜಯಾಳ ಸೂಜಿ ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಮೇಷ್ಟ್ರು ಮೆಲ್ಲಗೆ ಎದ್ದು ವೇದಿಕೆಗೆ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಕನ್ನಡಕ ಏರಿಸಿ ಒಂದು ಪುಟ ಓದಿದರು. ಇನ್ನೊಂದು ಓದಿದರು. ನನ್ನ ಅಡಿಗೆರೆಗಳನ್ನೂ ಓದಿದರು. ಆಮೇಲೆ ತಲೆ ತಗ್ಗಿಸಿ ನಿಂತುಬಿಟ್ಟರು. ಭುಜಗಳು ನಡುಗುತ್ತಿದ್ದವು.

ಮುಗಿಯಿತು, ಎಂದುಕೊಂಡೆ. ಎಪ್ಪತ್ತೇಳನೇ ವಯಸ್ಸಿನಲ್ಲಿ ಮೊದಲ ಪುಸ್ತಕ ಬರೆದ ಮೇಷ್ಟ್ರನ್ನು ತುಂಬಿದ ಸಭೆಯಲ್ಲಿ ಅಳಿಸಿದೆನಲ್ಲಾ! ಭೂಮಿ ಬಾಯ್ಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು. ಅವರ ಕೈ ಹಿಡಿದು "ತಪ್ಪಾಯ್ತು ಸರ್" ಎಂದೆ.

ಮೇಷ್ಟ್ರು ತಲೆ ಎತ್ತಿದರು. ಕಣ್ಣಲ್ಲಿ ನೀರೇನೋ ಇತ್ತು, ಆದರೆ ಅದು ನಗು ತಡೆಯಲಾರದೆ ಬಂದ ನೀರು!

"ಅಯ್ಯೋ ಸುಬ್ಬರಾಯಾ! ನಾನು ಜನ್ಮದಲ್ಲಿ ಜೇನು ಸಾಕಿದವನಲ್ಲ ಮಾರಾಯ. ಅದೇ ಪ್ರೆಸ್ಸಲ್ಲಿ ಯಾರೋ ಜೇನು ಸಾಕಣೆಯ ಪುಸ್ತಕ ಮಾಡಿಸಿದ್ರು. ಅದರ ಹಾಳೆ ನಿನ್ನ ಪ್ರತಿಗೆ ಸೇರ್ಕೊಂಡಿದೆ!"

ಸಭೆಗೆ ಸಭೆಯೇ ಹೋ ಎಂದಿತು. ಮಾಸ್ತಿಕಟ್ಟೆಯವರಂತೂ ಕುರ್ಚಿಯಿಂದ ಜಾರುವುದೊಂದು ಬಾಕಿ. ಮೇಷ್ಟ್ರು ನಗುತ್ತಿದ್ದಾರೆ ಎಂಬುದೊಂದೇ ನನಗೆ ಕಂಡದ್ದು. ಬದುಕಿಕೊಂಡೆ! ಎದೆಯ ಮೇಲಿಂದ ಒಂದು ಕಂಬವನ್ನೇ ಇಳಿಸಿದಂತಾಯಿತು.

ಆದರೆ ನನಗಿಂತ ಹೆಚ್ಚು ನಿರಾಳವಾದವರು ಮೇಷ್ಟ್ರು. ನನ್ನ ಭುಜ ಹಿಡಿದು ಮೆಲ್ಲಗೆ ಕೇಳಿದರು. "ಹಾಗಾದ್ರೆ ಬಸ್‌ಸ್ಟ್ಯಾಂಡ್ ಆದ್ಮೇಲಿನ ಹದಿನಾರು ಪುಟ ನೀನು ಓದೇ ಇಲ್ಲ?"

"ಇಲ್ಲ ಸರ್."

"ದೇವ್ರು ದೊಡ್ಡೋನು. ಒಂದು ವಾರದಿಂದ ನಂಗೆ ಊಟ ಸೇರ್ತಿರ್ಲಿಲ್ಲ." ಚೀಲದಿಂದ ಬೇರೊಂದು ಪ್ರತಿ ತೆಗೆದು ಕೊಟ್ಟರು. "ಇದು ಸರಿ ಇದೆ. ಇಲ್ಲಿ ಬೇಡ, ಹೋಗ್ತಾ ಓದು."

ವಾಪಸು ಬರುವ ಬಸ್ಸಿನಲ್ಲಿ ತೊಂಬತ್ತೇಳನೇ ಪುಟ ತೆರೆದೆ. ಭಾಗೀರಥಿಗೆ ತನ್ನ ತರಗತಿಯ ವಾಸು ಎಂಬ ಹುಡುಗ ನೆನಪಾಗುತ್ತಾನೆ. 'ಪಾಠ ಓದದೆ ಬಂದ ದಿನವೇ ವಾಸುವಿನ ಕೈ ಎಲ್ಲರಿಗಿಂತ ಮೊದಲು ಮೇಲೇಳುತ್ತಿತ್ತು. ಎದ್ದು ನಿಂತು, "ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ" ಎಂದು ಶುರುಮಾಡುತ್ತಿದ್ದ. ಅವನು ಹೇಳುವುದರಲ್ಲಿ ಒಂದಕ್ಷರವೂ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಆದರೂ ಅವನನ್ನು ಕೂರಿಸಲು ಟೀಚರಿಗೆ ಮನಸ್ಸು ಬರುತ್ತಿರಲಿಲ್ಲ. ಅವನು ಮಾತಾಡುವಾಗ ತರಗತಿಯಲ್ಲಿ ಯಾರೂ ಅಳುಮುಖ ಮಾಡುತ್ತಿರಲಿಲ್ಲ.'

ಹದಿನಾರು ಪುಟವೂ ವಾಸುವೇ!

ಪಕ್ಕದಿಂದ ಕತ್ತು ಚಾಚಿ ಓದುತ್ತಿದ್ದ ಜಯಾಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಡ್ರೈವರ್ ಸಹ ಕನ್ನಡಿಯಲ್ಲಿ ನೋಡಿದ. ಪುಸ್ತಕ ಮುಚ್ಚಿ, ಉಸಿರು ತಂದುಕೊಂಡು, ತನ್ನ ವಿಮರ್ಶೆಯನ್ನು ಒಪ್ಪಿಸಿದಳು: "ಚೆನ್ನಾಗಿದೆ."

ಮನೆ ತಲುಪಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ಓದಿದೆ ಸರ್."

ಮೇಷ್ಟ್ರು ಅಳುಕುತ್ತಲೇ ಕೇಳಿದರು. "ಬೇಜಾರಾಯ್ತಾ?"

"ಇಲ್ಲ ಸರ್. ಆದ್ರೆ ಜೇನೇ ವಾಸಿ ಇತ್ತು."

ಮೇಷ್ಟ್ರು ಮತ್ತೆ ನಗಲು ಶುರುಮಾಡಿದರು. ಅವರ ನಗು ಕೇಳುತ್ತಾ ನನಗೆ ನಿಜಕ್ಕೂ ಸಮಾಧಾನವಾಯಿತು. ಅಷ್ಟು ವರ್ಷ ಹಿಂದೆ ನಾನು ಬಡಬಡಿಸಿದ್ದನ್ನು ಯಾರೋ ಕೂತು ಕೇಳಿದ್ದರಲ್ಲ, ನೆನಪಿಟ್ಟಿದ್ದರಲ್ಲ. ಇವತ್ತೂ ನನ್ನನ್ನು ಅರ್ಧಕ್ಕೇ ಕೂರಿಸಲಿಲ್ಲವಲ್ಲ!

ಮುಂದಿನ ತಿಂಗಳ ಮೊದಲ ಭಾನುವಾರ ಓದುಗರ ಕಟ್ಟೆಯಲ್ಲಿ ನನ್ನ ಅಭಿಪ್ರಾಯ ಎಂದಿನಂತೆ ಪ್ರಕಟವಾಯಿತು. ಈ ಸಲ ಮೂರೇ ಸಾಲು.

'ಇತ್ತೀಚೆಗೆ ಓದಿದ್ದು: ಶೇಷಗಿರಿ ಮೇಷ್ಟ್ರ ಕಾದಂಬರಿ. ವಾಸುವಿನ ಪಾತ್ರ ಅತ್ಯಂತ ಸಹಜವಾಗಿ ಮೂಡಿಬಂದಿದೆ. ಪುಟಸಂಖ್ಯೆಗಳನ್ನು ನನ್ನ ಹೆಂಡತಿ ಪರಿಶೀಲಿಸಿದ್ದಾಳೆ.'