ಸ್ಟ್ರೆಚರ್ ಮೇಲಿನ ಭಾನುವಾರ

ಪಾಲಿಕೆಯವರು ಏನನ್ನಾದರೂ ಉಚಿತವಾಗಿ ಕಲಿಸುತ್ತೇವೆಂದರೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಉದ್ಯಾನದ ಯೋಗ ಶಿಬಿರಕ್ಕೆ ಹೋಗಿ ಸೊಂಟ ಹಿಡಿಸಿಕೊಂಡು ಬಂದಿದ್ದೇನೆ. ಅಡುಗೆಮನೆಯ ಕಸದಿಂದ ಗೊಬ್ಬರ ಮಾಡುವುದನ್ನು ಕಲಿತು ಬಂದು, ಬಾಲ್ಕನಿಯಲ್ಲಿ ಯಾರೂ ನಿಲ್ಲಲಾಗದಂತೆ ಮಾಡಿದ್ದೇನೆ. ಆ ಮಡಕೆಯನ್ನು ಹೆಂಡತಿ ಏನು ಮಾಡಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೀಗಿರುವಾಗ ನೆರೂಳದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅಗ್ನಿಶಾಮಕ ದಳದವರ ಅಣಕು ಕಾರ್ಯಾಚರಣೆ ಇದೆಯೆಂದು ನೋಟೀಸು ಬಿದ್ದಾಗ, ಆ ಭಾನುವಾರ ಎಲ್ಲರಿಗಿಂತ ಮೊದಲು ಕೆಳಗಿಳಿದು ನಿಂತವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ದಳದ ಅಧಿಕಾರಿಗೆ ಒಬ್ಬ ಗಾಯಾಳು ಬೇಕಾಗಿದ್ದ. ನೆರೆದವರನ್ನೆಲ್ಲ ನೋಡಿ ಅವರು ನನ್ನ ಕಡೆಗೇ ಬೆರಳು ತೋರಿಸಿದರು. ಬ್ಯಾಂಕ್ ಮ್ಯಾನೇಜರನ ಮುಖದಲ್ಲಿ ಏನೋ ವಿಶೇಷ ಕಂಡಿರಬೇಕು ಎಂದುಕೊಂಡೆ. ಅವರು ತಮ್ಮವರಿಗೆ ಮರಾಠಿಯಲ್ಲಿ ವಿವರಿಸಿದ್ದು ಬೇರೆ: ಇವರನ್ನು ಮೂರನೇ ಮಹಡಿಯಿಂದ ಇಳಿಸಿದರೆ ಊರಿನಲ್ಲಿ ಯಾರನ್ನು ಬೇಕಾದರೂ ಇಳಿಸಬಹುದು. ನನಗೆ ಹೇಳಿದ್ದು ಇಷ್ಟೇ: "ಸಾಹೇಬ್, ಡೋಳೆ ಬಂದ್, ತೋಂಡ್ ಬಂದ್." ಕಣ್ಣು ಮುಚ್ಚುವುದು ಸುಲಭ, ಬಾಯಿ ಮುಚ್ಚಿ ನನಗೆ ರೂಢಿಯಿಲ್ಲ. ಆದರೂ ಅವರು ಮೇಲೆ ಹೊಗೆಬತ್ತಿ ಹಚ್ಚಿ ನನ್ನನ್ನು ಸ್ಟ್ರೆಚರಿಗೇರಿಸಿದಾಗ, ಹೊತ್ತವರ ಏದುಸಿರು ಕೇಳಿಸಿಕೊಳ್ಳುತ್ತ ಸುಮ್ಮನೆ ಕೆಳಗೆ ಬಂದೆ. ಗೇಟಿನ ಪಕ್ಕದ ನೆರಳಿನಲ್ಲಿ ನನ್ನನ್ನಿಟ್ಟು ಅವರು ನೀರು ಹಾರಿಸುವುದನ್ನು ತೋರಿಸಲು ಹಿಂದುಗಡೆ ಹೋದರು. ಜನವೆಲ್ಲ ನೀರಿನ ಹಿಂದೆ ಹೋಯಿತು.

ಆಗಲೇ ಮಾರ್ಕೆಟ್ಟಿನಿಂದ ಬಂದವರು ಎರಡನೇ ಮಹಡಿಯ ಸುಮತಿ ಅಕ್ಕ. ಉಡುಪಿ ಕಡೆಯವರು. ನಮ್ಮ ಕುಂಡದ ನೀರು ಅವರು ಒಣಗಲಿಟ್ಟ ಹಪ್ಪಳದ ಮೇಲೆ ಸುರಿದಂದಿನಿಂದ ನಮಗೂ ಅವರಿಗೂ ಮಾತಿರಲಿಲ್ಲ. ನೋಟೀಸು ಓದುವ ಅಭ್ಯಾಸ ಅವರಿಗಿಲ್ಲ.

"ಅಯ್ಯೋ, ಇವರಿಗೆ ಎಂತ ಆಯ್ತು?"

ವಾಚ್‌ಮನ್ ಹಿಂದಿಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿದ: ಮೇಲೆ ಹೊಗೆ, ಫೈರ್‌ನವರು ಇಳಿಸಿ ತಂದರು. ಅಣಕು ಎಂಬ ಒಂದು ಮಾತನ್ನು ಮಾತ್ರ ಬಿಟ್ಟ. ಕೈಚೀಲ ನೆಲಕ್ಕೆ ಬಿದ್ದ ಸದ್ದು ಕೇಳಿತು. ಅಕ್ಕ ಪಕ್ಕದಲ್ಲಿ ಕುಳಿತು ಸೆರಗಿನಿಂದ ನನ್ನ ಹಣೆ ಒರೆಸತೊಡಗಿದರು.

"ಒಳ್ಳೆ ಮನುಷ್ಯ, ಪಾಪ. ಸ್ವಲ್ಪ ಜಂಬ ಉಂಟು, ಬೇರೆಂತ ಇಲ್ಲ. ಒಂದು ಹಪ್ಪಳಕ್ಕೆ ನಾನು ಮಾತು ಬಿಡಬಾರದಿತ್ತು."

ಜಂಬ ಎಂದಾಗಲೇ ಕಣ್ಣು ಬಿಡಬೇಕಿತ್ತು. ಆದರೆ ಒಳ್ಳೆಯ ಮನುಷ್ಯ ಎಂಬ ಮಾತನ್ನು ಯಾರಾದರೂ ಇನ್ನಷ್ಟು ವಿಸ್ತರಿಸುವುದಾದರೆ ತಡೆಯುವ ಶಕ್ತಿ ನನಗಿಲ್ಲ. ವಿಸ್ತರಿಸಲಿಲ್ಲ. ಒಂದು ಬೆಚ್ಚನೆಯ ಹನಿ ನನ್ನ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಮಲಗಿರಲು ಆಗಲಿಲ್ಲ.

"ಅಕ್ಕ, ನನಗೇನೂ ಆಗಿಲ್ಲ. ಇದು ಡ್ರಿಲ್."

ಅವರು ಸೆರಗನ್ನು ಹಿಂದಕ್ಕೆಳೆದುಕೊಂಡರು. "ಎಷ್ಟೊತ್ತಿಂದ ಕೇಳ್ತಾ ಇದ್ದದ್ದು ನೀವು?"

"ಮೊದಲಿನಿಂದ."

ಚೆಲ್ಲಿದ ಬೀನ್ಸನ್ನು ಆಯ್ದುಕೊಂಡು ಮೆಟ್ಟಿಲು ಹತ್ತಿಹೋದರು.

ಸಂಜೆ ಹೆಂಡತಿ ನನ್ನನ್ನು ಮುಂದೆ ಮಾಡಿಕೊಂಡು ಅವರ ಬಾಗಿಲು ತಟ್ಟಿದಳು. ತಪ್ಪಾಯ್ತು, ಮೊದಲೇ ಹೇಳಬೇಕಿತ್ತು ಎಂದೆ.

"ನೀವೆಂತಕ್ಕೆ ಹೇಳ್ತೀರಿ? ಕೇಳ್ಲಿಕ್ಕೆ ರುಚಿ ಇತ್ತಲ್ಲ," ಎಂದರು. ಆಮೇಲೆ ದನಿ ತಗ್ಗಿತು. "ನಮ್ಮ ಇವರನ್ನೂ ಇದೇ ಮೆಟ್ಟಿಲಲ್ಲಿ ಹೀಗೇ ಇಳಿಸಿದ್ದು. ನೀವು ಇಲ್ಲಿಗೆ ಬರುವ ಮೊದಲು. ಅವರು ಮತ್ತೆ ಹತ್ತಿ ಬರ್ಲಿಲ್ಲ."

ನಾನು ಬಾಯಿ ಮುಚ್ಚಿ ನಿಂತೆ. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರೇ ಕುರ್ಚಿ ಎಳೆದು, "ನಿಂತದ್ದೆಂತ? ಕೂತ್ಕೊಳ್ಳಿ, ಕಾಫಿ ಮಾಡ್ತೇನೆ," ಎಂದರು. ಕುಡಿದು, ಕುಂಡಗಳ ಕೆಳಗೆ ತಟ್ಟೆ ಇಡುತ್ತೇನೆಂದು ಮಾತು ಕೊಟ್ಟು ಬಂದೆವು.

ಮೆಟ್ಟಿಲು ಹತ್ತುವಾಗ ಒಂದು ಮಾತು ಮಾತ್ರ ಒಳಗೇ ಕೊರೆಯುತ್ತಿತ್ತು. ಹೆಂಡತಿಯನ್ನು ಕೇಳಿಯೇಬಿಟ್ಟೆ.

"ಅಲ್ಲ ಕಣೇ, ನನಗೆ ಸ್ವಲ್ಪ ಜಂಬ ಇದೆ ಅಂದ್ರಲ್ಲ ಅವರು. ಇದೆಯಾ?"

ಅವಳು ಬೀಗದ ಕೈ ಹುಡುಕುತ್ತ ಹೇಳಿದಳು: "ಸ್ವಲ್ಪ ಅಂದ್ರಾ? ಪಾಪ, ಆಯಮ್ಮನಿಗೆ ದಾಕ್ಷಿಣ್ಯ ಜಾಸ್ತಿ."