ಮೂವತ್ತಾರು ಗ್ರಾಂ ಟ್ಯೂಬಿಗೆ ಒಂದು ಭಾರವಾದ ಪತ್ರ

ಮಾನ್ಯರೂ, ಹಗುರರೂ, ಕಿತ್ತಳೆ ವರ್ಣದವರೂ ಆದ ಟ್ಯೂಬ್ ಮಹಾಶಯರೇ,

ಕ್ಷೇಮ ವಿಚಾರಿಸಿ ಪತ್ರ ಆರಂಭಿಸುವುದು ಪದ್ಧತಿ. ಆದರೆ ತಾವು ಕ್ಷೇಮವಾಗಿಲ್ಲವೆಂಬುದು ನನಗೂ, ತಮ್ಮನ್ನು ಆ ಸ್ಥಿತಿಗೆ ತಂದವನು ನಾನೇ ಎಂಬುದು ತಮಗೂ ತಿಳಿದಿರುವುದರಿಂದ, ಆ ಭಾಗವನ್ನು ಬಿಟ್ಟು ನೇರವಾಗಿ ದೂರಿಗೆ ಬರುತ್ತೇನೆ.

ಕಳೆದ ಮೂರು ವರ್ಷಗಳಿಂದ ತಾವೂ ತಮ್ಮ ಒಡಹುಟ್ಟಿದವರೂ ಸರದಿಯ ಮೇಲೆ ನನ್ನ ರೇಸ್ ಸೈಕಲ್ಲಿನ ಚಕ್ರಗಳಲ್ಲಿ ವಾಸವಾಗಿದ್ದೀರಿ. ತಮ್ಮನ್ನು ನಾನು ಎಂದೂ ಹಗುರವಾಗಿ ಕಂಡವನಲ್ಲ, ತಕ್ಕಡಿಯಲ್ಲಿಟ್ಟೇ ಕಂಡವನು. ಹಳೆಯ ಕಪ್ಪು ರಬ್ಬರ್ ಟ್ಯೂಬು ನೂರೈದು ಗ್ರಾಂ, ತೆಳು ಪ್ಲಾಸ್ಟಿಕ್ಕಿನ ತಾವು ಮೂವತ್ತಾರು. ಎರಡು ಚಕ್ರಕ್ಕೆ ನೂರ ಮೂವತ್ತೆಂಟು ಗ್ರಾಂ ಇಳಿಯಿತೆಂದು ನಾನು ಅಡುಗೆಮನೆಯಲ್ಲಿ ಸಂಭ್ರಮಿಸುತ್ತಿದ್ದಾಗ ನನ್ನ ಹೆಂಡತಿ ಲೊರೆದಾನಾ ತನ್ನ ತಕ್ಕಡಿ ಕಿತ್ತುಕೊಳ್ಳುತ್ತಾ, "ರೀ, ಸೈಕಲ್ಲಿಂದ ಇಳಿಸೋದು ಬಿಟ್ಟು ಹೊಟ್ಟೆಯಿಂದ ಇಳಿಸಿ. ನೆನ್ನೆ ಎರಡು ಸಲ ಬಡಿಸಿಕೊಂಡ ಸಿಹಿ, ಆ ತಿರಮಿಸು ಒಂದೇ ಸಾಕು, ಇಂಥ ಹತ್ತು ಟ್ಯೂಬ್ ತೂಗತ್ತೆ" ಎಂದಳು. ಪಾಪ, ಅವಳಿಗೆ ವಿಜ್ಞಾನ ತಿಳಿಯದು.

ತಮ್ಮ ಸದ್ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರಿನ ಗಾಳಿಮಾತು ಎರಡು ವಾರವಾದರೂ ನಿಲ್ಲುತ್ತದೆ. ತಮ್ಮಲ್ಲಿ ಗಾಳಿ ಎರಡು ದಿನ ನಿಂತರೆ ಹೆಚ್ಚು. ಪ್ರತಿ ಸವಾರಿಗೂ ಮುನ್ನ ಪಂಪು ಹೊಡೆಯುವ ಯೋಗದಿಂದ ನನ್ನ ತೋಳುಗಳು ಕುಸ್ತಿಪಟುವಿನವಾಗಿವೆ. ದುರದೃಷ್ಟವಶಾತ್ ಸೈಕಲ್ಲನ್ನು ಕಾಲಿನಿಂದ ತುಳಿಯಬೇಕು. ತಮ್ಮ ಮೇಲೆ ನನಗಿದ್ದ ಅಪಾರ ನಂಬಿಕೆಯಿಂದ ಸೀಟಿನ ಕೆಳಗಿನ ಚೀಲದಲ್ಲಿ ತಮ್ಮ ಇಬ್ಬರು ತಮ್ಮಂದಿರನ್ನೂ, ತಮಗೆ ಮಾತ್ರ ಅಂಟುವ ವಿಶೇಷ ತೇಪೆಗಳನ್ನೂ, ಯಾವುದಕ್ಕೂ ಇರಲೆಂದು ಹಳೆಯ ಕಪ್ಪು ಟ್ಯೂಬೊಂದನ್ನೂ ಹೊರುತ್ತಿದ್ದೆ. ನೂರ ಮೂವತ್ತೆಂಟು ಗ್ರಾಂ ಉಳಿಸಲು ಸುಮಾರು ಇನ್ನೂರು ಗ್ರಾಂ ಹೊರುವ ಈ ಜಾಣತನ ಇಟಲಿಯಾಚೆಗೆ ಹುಟ್ಟಲು ಸಾಧ್ಯವೇ ಇರಲಿಲ್ಲ.

ಇಷ್ಟಕ್ಕೂ ತಮ್ಮನ್ನು ತಂದದ್ದು ಒಂದು ಗಂಟೆ ಬಾರಿಸುವುದಕ್ಕಾಗಿ ಎಂಬುದನ್ನು ತಾವು ಬಲ್ಲಿರಿ. ಸೆಪ್ಟೆಂಬರಿನ ಮೊದಲ ಭಾನುವಾರ, ದ್ರಾಕ್ಷಿ ಕೊಯ್ಲಿಗೆ ಮುನ್ನ, ನಮ್ಮ ಕಣಿವೆಯ ಗಂಡಸರು ಸೈಕಲ್ ಹತ್ತಿ ಗುಡ್ಡದ ಮೇಲಿನ ಸಂತ ಉರ್ಬಾನೊನ ಪುಟ್ಟ ಇಗರ್ಜಿಗೆ ಹೊರಡುತ್ತಾರೆ. ಬಹುಪಾಲು ಮಂದಿ ನಾಲ್ಕನೆಯ ತಿರುವಿನ ಪಾಲ್ಮೀರಾಳ ಬಾರಿನಲ್ಲೇ ಮೋಕ್ಷ ಕಾಣುತ್ತಾರೆ. ಮೇಲೆ ಮೊದಲು ಮುಟ್ಟಿದವನು ಗಂಟೆ ಬಾರಿಸಬೇಕು. ಒಬ್ಬೊಬ್ಬನದೂ ಒಂದೊಂದು ತಾಳ. ಕೆಳಗೆ ಒಲೆಯ ಮುಂದೆ ನಿಂತವರಿಗೂ ಗೆದ್ದವನು ಯಾರೆಂದು ತಿಳಿಯುತ್ತದೆ. ಹನ್ನೊಂದು ವರ್ಷದಿಂದ ಕಣಿವೆ ಕೇಳುತ್ತಿರುವುದು ಲೊರೆದಾನಾಳ ತಮ್ಮ ಎವರಿಸ್ತೊನ ತಾಳವನ್ನು: ಮೂರು, ಬಿಡುವು, ಮತ್ತೆ ಮೂರು. ಇದಲ್ಲದೆ ಆ ಗಂಟೆ ಬಾರಿಸುವುದು ಆಲಿಕಲ್ಲು ಬರುವಾಗ, ಬೆಳೆ ಮುಚ್ಚಿಕೊಳ್ಳಿರೆಂದು ಕಣಿವೆಯನ್ನು ಎಚ್ಚರಿಸಲು ಮಾತ್ರ.

ನನ್ನದೂ ಒಂದು ತಾಳವಿದೆ: ಎರಡು ದೀರ್ಘ, ಒಂದು ಹ್ರಸ್ವ. ಇಪ್ಪತ್ತೆರಡು ವರ್ಷ ಚಮಚದಿಂದ ಊಟದ ಮೇಜಿನ ಮೇಲೆ ಅಭ್ಯಾಸ ಮಾಡಿದ್ದೇನೆ. ಬರುವ ಚಳಿಗಾಲ ಮಂಡಿಯ ಶಸ್ತ್ರಚಿಕಿತ್ಸೆ. ಅನಂತರ ಗುಡ್ಡದ ಹೆಸರೆತ್ತಬಾರದೆಂದು ವೈದ್ಯರ ಅಪ್ಪಣೆ. ಅಂದರೆ ಈ ಸೆಪ್ಟೆಂಬರು, ಇಲ್ಲವೇ ಚಮಚ.

ಆದ್ದರಿಂದ ಆ ಭಾನುವಾರ ನಾನು ಧೀರೋದಾತ್ತ ನಿರ್ಧಾರ ಮಾಡಿದೆ. ತಮ್ಮ ತಮ್ಮಂದಿರನ್ನೂ ಕಪ್ಪು ಟ್ಯೂಬನ್ನೂ ಮನೆಯಲ್ಲೇ ಬಿಟ್ಟು, ಕೈಪಂಪು ಮತ್ತು ಎರಡು ತೇಪೆ ಮಾತ್ರ ಹಿಡಿದು ಹೊರಟೆ. ಎಂಟನೆಯ ತಿರುವಿನಲ್ಲಿ ಎವರಿಸ್ತೊನ ಮೀನಖಂಡ ಹಿಡಿದುಕೊಂಡಿತು. ಅವನ ಬೈಗುಳ ಹಿಂದೆ ಹಿಂದೆ ಸರಿಯುವುದನ್ನು ನಾನು ಸಂಗೀತದಂತೆ ಕೇಳಿದೆ. ಹತ್ತನೆಯ ತಿರುವಿನಲ್ಲಿ, ದನಗಳು ನೀರು ಕುಡಿಯುವ ಕಲ್ಲುತೊಟ್ಟಿಯ ಪಕ್ಕದಲ್ಲೇ, ತಾವು ನಿಟ್ಟುಸಿರು ಬಿಟ್ಟಿರಿ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮಪ್ಪ ಮಾಡಿದ್ದು, ನಮ್ಮಜ್ಜ ಮಾಡಿದ್ದು, ಈ ಕಣಿವೆಯಲ್ಲಿ ಎಲ್ಲರೂ ಮಾಡುವುದು ಒಂದೇ: ಟ್ಯೂಬು ಬಿಚ್ಚು, ಗಾಳಿ ತುಂಬು, ತೊಟ್ಟಿಯಲ್ಲಿ ಮುಳುಗಿಸು, ಗುಳ್ಳೆ ನೋಡು. ಟೈರಿನ ಹೊರಗೆ ತಮಗೆ ಗಾಳಿ ತುಂಬಬಾರದೆಂದು ತಮ್ಮ ಡಬ್ಬಿಯ ಮೇಲೆ ಆರು ಭಾಷೆಗಳಲ್ಲಿ, ಇರುವೆ ಓದುವ ಗಾತ್ರದಲ್ಲಿ ಅಚ್ಚಾಗಿತ್ತಂತೆ. ನಾನು ತುಂಬಿದೆ. ತಾವು ಉಬ್ಬಿದಿರಿ, ಬೆಳೆದಿರಿ, ತೊಟ್ಟಿಯಂಚು ದಾಟಿ ಇಳಿಬಿದ್ದಿರಿ. ಗಾಳಿ ಬಿಟ್ಟರೂ ಮತ್ತೆ ಕುಗ್ಗಲಿಲ್ಲ. ಮೂರು ವರ್ಷ ಗಾಳಿ ಹಿಡಿದಿಡಲಾರದ ತಾವು ಆಕಾರವನ್ನು ಮಾತ್ರ ಅದೆಷ್ಟು ಹಟದಿಂದ ಹಿಡಿದಿಟ್ಟಿರಿ!

ಅಷ್ಟರಲ್ಲಿ ಎವರಿಸ್ತೊ ಕುಂಟುತ್ತಾ ಬಂದ. "ಭಾವ, ಈ ಹೆಬ್ಬಾವನ್ನ ಎಲ್ಲಿ ಹಿಡಿದ್ರಿ?"

"ಸುಮ್ನೆ ಹೋಗೋ. ಹೋಗಿ ನಿನ್ನ ಗಂಟೆ ಹೊಡ್ಕೊ" ಎಂದೆ.

"ಹೋಗ್ತೀನಿ ಬಿಡಿ, ಅದೇನು ಓಡಿಹೋಗತ್ತಾ" ಎನ್ನುತ್ತಾ ತನ್ನ ಚೀಲದಿಂದ ಪೌಡರ್ ಹಚ್ಚಿ ಮಡಚಿಟ್ಟ ಕಪ್ಪು ಟ್ಯೂಬು ತೆಗೆದ. ಏಳು ತೇಪೆ ಇದ್ದವು, ನಾನು ಎಣಿಸಿದೆ. ತಾನೇ ಕೂತು ಹಾಕಿಕೊಟ್ಟ. ಜೊತೆಯಾಗಿ ಹತ್ತಿದೆವು. ಕೊನೆಯ ತಿರುವಿನಲ್ಲಿ ಅವನು ಥಟ್ಟನೆ ಇಳಿದು, "ನೀವು ನಡೀರಿ ಭಾವ, ನಾನು ಶೂ ಲೇಸ್ ಕಟ್ಕೊಂಡು ಬಂದೆ" ಎಂದ.

ಮಹಾಶಯರೇ, ಅವನ ಶೂಗಳಿಗೆ ಲೇಸೇ ಇಲ್ಲ. ಎರಡಕ್ಕೂ ಬಕಲ್.

ತಮ್ಮ ಮೇಲೆ ನನ್ನ ನಿಜವಾದ ದೂರು ಇದು. ತಮ್ಮಿಂದ ಸೋತಿದ್ದರೆ ತಮ್ಮನ್ನು ಬೈದುಕೊಂಡು ಸುಖವಾಗಿ ಮುಪ್ಪಾಗುತ್ತಿದ್ದೆ. ಭಾವಮೈದುನನ ಔದಾರ್ಯದಿಂದ ಗೆಲ್ಲುವಂತೆ ಮಾಡಿದಿರಿ. ಆ ಭಾರವನ್ನು ಯಾವ ತಕ್ಕಡಿಯಲ್ಲಿಡಲಿ? ಆದಕಾರಣ, ಕೊನೆಯ ಎರಡು ಕಿಲೋಮೀಟರನ್ನೂ ನಾನು ತಮ್ಮ ಮೇಲೆಯೇ ಹತ್ತಿದೆನೆಂದು ಒಂದು ಪ್ರಮಾಣಪತ್ರವನ್ನೂ, ಕೃತಜ್ಞತೆ ಮೂವತ್ತಾರು ಗ್ರಾಮಿಗಿಂತ ಹೆಚ್ಚು ತೂಗದಂತೆ ಮಾಡುವ ಉಪಾಯವನ್ನೂ ದಯಪಾಲಿಸಬೇಕಾಗಿ ಪ್ರಾರ್ಥಿಸುತ್ತೇನೆ.

ಗಂಟೆಯನ್ನು ಬಾರಿಸಿದೆನೇ ಎಂದು ಕೇಳುತ್ತೀರಿ. ಬಾರಿಸಿದೆ. ಎರಡು ದೀರ್ಘ, ಒಂದು ಹ್ರಸ್ವ; ಕೈ ಸೋಲುವವರೆಗೆ, ಕಣ್ಣು ಮಂಜಾಗುವವರೆಗೆ. ಕೆಳಗೆ ಕಣಿವೆ ಅಲ್ಲೋಲಕಲ್ಲೋಲವಾಯಿತು. ಜನ ಮನೆಗಳಿಂದ ಹೊರಗೆ ಓಡಿಬಂದರು, ಕೈ ಬೀಸಿದರು. ನಾನು ಪ್ರತಿಯಾಗಿ ಕೈ ಬೀಸಿದೆ.

ಮನೆಗೆ ಬಂದರೆ ಲೊರೆದಾನಾ ಒದ್ದೆ ಬಟ್ಟೆಗಳ ರಾಶಿಯ ನಡುವೆ ನಿಂತಿದ್ದಳು. "ಎಲ್ರೀ ಆಲಿಕಲ್ಲು?"

"ಆಲಿಕಲ್ಲಲ್ಲ ಕಣೇ. ಅದು ನಾನು."

ಅವಳು ನನ್ನನ್ನು ಒಮ್ಮೆ, ನೀಲಿ ಆಕಾಶವನ್ನು ಒಮ್ಮೆ ನೋಡಿದಳು. "ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲನಾದ್ರೂ ಬಾರಿಸಿದ್ರೆ ಗೊತ್ತಾಗ್ತಿತ್ತು" ಎಂದು ಬಟ್ಟೆಗಳನ್ನು ಮತ್ತೆ ಒಣಹಾಕಲು ಹೊರಟಳು. ಬಾಗಿಲಲ್ಲಿ ತಿರುಗಿ, ಹಿಡಿದಿದ್ದ ಬಕೆಟ್ಟಿನ ಮೇಲೆ ಬೆರಳಿನಿಂದ ತಟ್ಟಿದಳು: ಎರಡು ದೀರ್ಘ, ಒಂದು ಹ್ರಸ್ವ.

ಗಾಳಿ ಹೋದರೂ ಹೋಗದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಓರ್ಫೆಯೊ ದಾಲ್ ಮಾಸ್

ತಾಜಾ ಕಲಂ: ಅಂದು ಆಲಿಕಲ್ಲೆಂದು ಅವಸರದಲ್ಲಿ ಟೊಮೇಟೊ ಮಡಿಯ ಮೇಲೆ ಎಳೆದ ಬಲೆಯನ್ನು ಲೊರೆದಾನಾ ತಮ್ಮಿಂದಲೇ ಬಿಗಿದು ಕಟ್ಟಿದ್ದಾಳೆ. ನಾಲ್ಕು ವಾರವಾಯಿತು, ತಾವು ಒಮ್ಮೆಯೂ ಕೈಕೊಟ್ಟಿಲ್ಲ. ಕಡೆಗೂ ತಮಗೊಪ್ಪುವ ಉದ್ಯೋಗ ದೊರೆತುದಕ್ಕೆ ಅಭಿನಂದನೆಗಳು. ಎವರಿಸ್ತೊನ ಕಪ್ಪು ಟ್ಯೂಬು ಇನ್ನೂ ನನ್ನ ಚಕ್ರದಲ್ಲಿದೆ. ಹಿಂದಿರುಗಿಸಬೇಕೆಂದು ಪ್ರತಿದಿನ ಒತ್ತಿ ನೋಡುತ್ತೇನೆ, ದರಿದ್ರದ್ದು ಗಾಳಿಯನ್ನೇ ಬಿಡುತ್ತಿಲ್ಲ.