ವಜ್ರಾಂಗ ಚೂರಿ ಪೂಜೆಗೆ ಕೂತದ್ದು

ಸರಕಾರಿ ಚೂರಿ ಮುರಿಯತಕ್ಕದ್ದಲ್ಲ ಎಂಬುದು ೧೯೫೩ನೇ ಇಸವಿಯಲ್ಲಿ, ನಾಗಪುರದ ರಾಮದಾಸಪೇಠದಲ್ಲಿದ್ದ ಕೇಂದ್ರ ವನ್ಯೋಪಕರಣ ಪರೀಕ್ಷಾ ಕಚೇರಿಯಲ್ಲಿ ಸರ್ವಾನುಮತದಿಂದ ತೀರ್ಮಾನವಾದ ಸಂಗತಿ. ಅದು ಕತ್ತರಿಸತಕ್ಕದ್ದೋ ಅಲ್ಲವೋ ಎಂಬ ವಿಷಯ ಆ ದಿನದ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಇದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಅರಣ್ಯ ರಕ್ಷಕನೊಬ್ಬ ತನ್ನ ಮಡಚುವ ಚೂರಿಯಿಂದ ಡಬ್ಬಿಯ ಮುಚ್ಚಳ ಮೀಟಲು ಹೋಗಿ ಅಲಗು ಮುರಿದು, ದೊಡ್ಡ ವಿಚಾರಣೆಯೇ ನಡೆದಿತ್ತು. ಚೂರಿ ಕತ್ತರಿಸದಿದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಮುರಿದರೆ ಮಾತ್ರ ಯಾರದೋ ನೌಕರಿಗೆ ಸಂಚಕಾರ. ಆದ್ದರಿಂದ ಹೊಸ ಚೂರಿ ಮಡಚತಕ್ಕದ್ದಲ್ಲ, ತುದಿಯಿಂದ ಹಿಡಿಯ ಕೊನೆಯವರೆಗೆ ಒಂದೇ ಉಕ್ಕಿನ ಪಟ್ಟಿಯಾಗಿರತಕ್ಕದ್ದು ಎಂದಾಯಿತು. ನಕ್ಷೆ ಹೋದ ಪ್ರತಿಯೊಂದು ಮೇಜಿನಲ್ಲೂ ಅಧಿಕಾರಿಯು ಮುನ್ನೆಚ್ಚರಿಕೆಯ ದೃಷ್ಟಿಯಿಂದ ಅಲಗಿನ ದಪ್ಪವನ್ನು ಒಂದಿಷ್ಟು ಏರಿಸಿಯೇ ಸಹಿ ಹಾಕಿದ. ನಕ್ಷೆ ತಿರುಗಿ ಬರುವ ಹೊತ್ತಿಗೆ ಅಲಗು ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಚೂರಿಗೆ ವಜ್ರಾಂಗ ಎಂದು ನಾಮಕರಣ ಮಾಡಿದರು.

ವಜ್ರಾಂಗದ ಗುಣಗಳನ್ನು ಅಲ್ಲಗಳೆಯುವಂತಿಲ್ಲ, ಅಲ್ಲಗಳೆದರೆ ಪಾಪ. ಅದರ ಬೆನ್ನಿಗೆ ಕೊಡತಿಯಿಂದ ಬಡಿದರೆ ಸಾಗವಾನಿ ಕೊರಡು ಎರಡು ಹೋಳು. ಡೇರೆಯ ಗೂಟ ಹೊಡೆಯಬಹುದು, ನೆಲ ಅಗೆಯಬಹುದು, ಜೀಪಿನ ಗಾಲಿಗೆ ಅಡ್ಡ ಇಡಬಹುದು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಎಂಥ ನರಪೇತಲನಿಗೂ ಒಂದು ಗತ್ತು ಬರುತ್ತಿತ್ತು. ಕಚೇರಿಯ ಮುಖ್ಯಸ್ಥರಾದ ಲಕ್ಷ್ಮೀಕಾಂತರಾವ್ ಪಿಂಪಳಖುಟೆ ಸಾಹೇಬರು ಮಹಾರಾಜಬಾಗ್ ಮೃಗಾಲಯದ ಪಂಜರ ಬಿಟ್ಟರೆ ಬೇರೆಲ್ಲೂ ಹುಲಿ ಕಂಡವರಲ್ಲ. ಆದರೂ ವಜ್ರಾಂಗ ಕಟ್ಟಿಕೊಂಡೇ ಕಡತ ನೋಡುತ್ತಿದ್ದರು. ಇದ್ದ ತಕರಾರು ಒಂದೇ: ಅದು ಏನನ್ನೂ ಕತ್ತರಿಸುತ್ತಿರಲಿಲ್ಲ.

ಈ ತಕರಾರು ಬಂದು ಕೂತದ್ದು ಪರೀಕ್ಷಕ ವ್ಯಾಸರಾಜನ ಕುತ್ತಿಗೆಯ ಮೇಲೆ. ಧಾರವಾಡ ಕಡೆಯವನಾದ ಈತ ಐದು ವರ್ಷದಿಂದ ನಾಗಪುರದ ಬಿಸಿಲಿನಲ್ಲಿ ಬೇಯುತ್ತಿದ್ದ. ಮಗ ಶಾಮ ನಿದ್ದೆಯಲ್ಲೂ ಮರಾಠಿಯಲ್ಲೇ ಕನವರಿಸುತ್ತಿದ್ದ, ಕನ್ನಡ ಅಕ್ಷರ ತೋರಿಸಿದರೆ ಜಿಲೇಬಿ ಎನ್ನುತ್ತಿದ್ದ. ಕೊನೆಗೊಮ್ಮೆ ದೇವರು ಕಣ್ಣು ಬಿಟ್ಟು ವ್ಯಾಸರಾಜನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಆದರೆ ಪರೀಕ್ಷೆ ಬಾಕಿ ಇರುವಾಗ ಪರೀಕ್ಷಕನು ಸ್ಥಳ ಬಿಡತಕ್ಕದ್ದಲ್ಲ ಎಂಬ ನಿಯಮವಿದ್ದುದರಿಂದ, ವಜ್ರಾಂಗ ಏನನ್ನಾದರೂ ಕತ್ತರಿಸುವ ತನಕ ಅವನು ರೈಲು ಹತ್ತುವಂತಿರಲಿಲ್ಲ.

ಚೂರಿಯನ್ನು ಸ್ಥಳೀಯ ಉತ್ಪನ್ನದ ಮೇಲೆ ಪರೀಕ್ಷಿಸಬೇಕು. ನಾಗಪುರದಲ್ಲಿ ಸ್ಥಳೀಯ ಉತ್ಪನ್ನವೆಂದರೆ ಕಿತ್ತಳೆ. ವ್ಯಾಸರಾಜ ಶ್ರೀಹರಿಯನ್ನು ನೆನೆದು ಕಿತ್ತಳೆಯ ಮೇಲೆ ವಜ್ರಾಂಗವನ್ನು ಒತ್ತಿದ. ಹಣ್ಣು ಪಿಚಕ್ಕೆಂದು ಒಡೆದು, ರಸ ಪಿಂಪಳಖುಟೆ ಸಾಹೇಬರ ಕನ್ನಡಕದ ಮೇಲೆ ಹಾರಿತು.

"ಕತ್ತರಿಸಿತೋ?" ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ, ಕಚೇರಿಯ ಎಲ್ಲ ಮಾತಿನಂತೆ ಮರಾಠಿಯಲ್ಲೇ, ಕೇಳಿದರು.

"ಇಲ್ಲ ಸಾಹೇಬರ, ಜಜ್ಜಿತು."

"ಹಣ್ಣು ಮೊದಲಿನ ಸ್ಥಿತಿಯಲ್ಲಿ ಇದೆಯೋ?"

"ಎಲ್ಲೀದ್ರಿ!"

"ಹಾಗಾದರೆ ಕತ್ತರಿಸಿದಂತೆಯೇ. ಬರೆದು ಕಳಿಸಿ."

ಬರೆದು ಕಳಿಸಿದರು. ದಿಲ್ಲಿಯಿಂದ ಉತ್ತರ ಬಂತು: "ಕತ್ತರಿಸುವಾಗ ಇಷ್ಟೊಂದು ರಸ ಬರತಕ್ಕದ್ದಲ್ಲ. ನವರಾತ್ರಿಯ ಸುಮಾರಿಗೆ ಸಮಿತಿಯು ಖುದ್ದಾಗಿ ಬಂದು ಹಗ್ಗ ಕತ್ತರಿಸಿ ನೋಡುವುದು." ಅಲಗನ್ನು ಮಸೆದು ತೆಳ್ಳಗೆ ಮಾಡಬಹುದಲ್ಲ ಎಂದು ವ್ಯಾಸರಾಜ ಸೂಚಿಸಿದ. ಮಸೆದಾಗ ಉದುರುವ ಪುಡಿಯೂ ಸರಕಾರದ ಉಕ್ಕು, ಉದುರಿಸಿದರೆ ಕಳವು ಮಾಡಿದಂತೆ ಎಂದು ಸಾಹೇಬರು ಮೃದುವಾಗಿಯೇ ತಿಳಿಹೇಳಿದರು.

ಕಾಡಿನವರ ಅಭಿಪ್ರಾಯವೂ ಇರಲೆಂದು ದತ್ತು ಎಂಬ ಅರಣ್ಯ ರಕ್ಷಕನನ್ನು ಕರೆಸಿದರು. ಅವನು ಒಂದು ಕೈಯಲ್ಲಿ ಸಲಾಮು ಹೊಡೆದ, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡಿದ್ದ.

"ಚೂರಿ ಏಕದಂ ಚಲೋ, ಸಾಹೇಬ. ಹಾವಿನ ಮೇಲೆ ಕೈತಪ್ಪಿ ಬಿತ್ತು, ಹಾವು ಜಾಗದಲ್ಲೇ ಸತ್ತಿತು. ಆದರೆ ಇದನ್ನು ಸೊಂಟಕ್ಕೆ ಕಟ್ಟಿದರೆ ಚಡ್ಡಿ ನಿಲ್ಲುವುದಿಲ್ಲ."

"ಬಳ್ಳಿ-ಗಿಳ್ಳಿ ಕತ್ತರಿಸಲು ಏನು ಮಾಡುತ್ತೀ?"

"ಮನೆಯ ಕುಡುಗೋಲು ತರುತ್ತೇನೆ, ಸಾಹೇಬ."

ಕ್ಷೇತ್ರದ ಅಭಿಪ್ರಾಯ ಅನುಕೂಲಕರವಾಗಿದೆ ಎಂದು ದಾಖಲಾಯಿತು.

ಮನೆಯಲ್ಲಿ ವ್ಯಾಸರಾಜನ ಹೆಂಡತಿ ಕೃಷ್ಣವೇಣಿ ವರ್ಗದ ಸುದ್ದಿ ಬಂದ ದಿನವೇ ಸಾಮಾನು ಕಟ್ಟಿಬಿಟ್ಟಿದ್ದಳು. ಬಿಚ್ಚಿದರೆ ಅಪಶಕುನ ಎಂದು ಎರಡು ಪಾತ್ರೆಯಲ್ಲಿ ಸಂಸಾರ ನಡೆದಿತ್ತು. "ಏನ್ರೀ, ಈಳಿಗಿ ಗಂಟಿನ್ಯಾಗ ಅದ. ನಿಮ್ಮ ಆ ಸರಕಾರಿ ಚೂರೀನ ತರ್ರಿ, ಬದನಿಕಾಯಿ ಹೆಚ್ಚತೀನಿ," ಎಂದಳು. ತಂದುಕೊಟ್ಟ. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲಕ್ಕಿಟ್ಟ. ಫರಸಿಯ ಕಲ್ಲು ಬಿರುಕು ಬಿಟ್ಟಿತು. ಆಕೆ ಎರಡೂ ಕೈ ಹಾಕಿ ಒತ್ತಿದಳು. ಬದನೆಕಾಯಿ ಚಪ್ಪಟೆಯಾಯಿತು.

"ಶುಂಠಿ ಜಜ್ಜಲಿಕ್ಕೆ ಅಡ್ಡಿ ಇಲ್ಲ," ಎಂದಳು ಕೃಷ್ಣವೇಣಿ. "ಆದ್ರ ಇದಕ್ಕ ಚೂರಿ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟಾ? ಇದು ಹಗ್ಗಾ ಕತ್ತರಿಸಿ, ನಾವು ಹುಬ್ಬಳ್ಳಿ ಕಂಡಂಗ!" ಹೇಳುತ್ತ ಹೇಳುತ್ತ ಆಕೆಯ ಕಣ್ಣಲ್ಲಿ ನೀರು ಬಂತು. ಬದನೆಕಾಯಿಯನ್ನು ಹಾಗೆಯೇ ಬಜ್ಜಿ ಮಾಡಿದಳು.

ಸಮಿತಿ ಬಂದ ದಿನ ಖಂಡೇನವಮಿ. ಆ ದಿನ ಆಯುಧಗಳನ್ನು ಪೂಜೆಗೆ ಕೂಡಿಸುವುದು, ಪೂಜೆ ಇಳಿಸುವ ತನಕ ಮುಟ್ಟದಿರುವುದು ನಮ್ಮ ಕಡೆಯೂ ಉಂಟು, ನಾಗಪುರದ ಕಡೆಯೂ ಉಂಟು. ವ್ಯಾಸರಾಜ ನಸುಕಿನಲ್ಲೇ ಮಿಂದು ಬಂದು, ಕಚೇರಿಯ ವಜ್ರಾಂಗಗಳನ್ನೆಲ್ಲ ಕೆಂಪು ವಸ್ತ್ರದ ಮೇಲೆ ಸಾಲಾಗಿಟ್ಟು, ಅರಿಷಿಣ ಕುಂಕುಮ ಏರಿಸಿ, ಚೆಂಡುಹೂವು ಮುಡಿಸಿ ಮಂಗಳಾರತಿ ಎತ್ತಿದ. ಸಮಿತಿಯ ಅಧ್ಯಕ್ಷರು ಹಗ್ಗ ಹಿಡಿದುಕೊಂಡೇ ಒಳಗೆ ಬಂದರು.

"ಎಲ್ಲಿ, ಕತ್ತರಿಸಿ ತೋರಿಸಿ."

"ಮುಟ್ಟೂ ಹಂಗಿಲ್ರಿ. ಆಯುಧ ಪೂಜಿಗೆ ಕೂತಾವ."

"ಪೂಜೆ ಯಾವಾಗ ಇಳಿಯುತ್ತದೆ?"

ನಾಳೆ ದಶಮಿಗೆ ಎನ್ನುವ ಸತ್ಯ ನಾಲಿಗೆಯ ತುದಿಗೆ ಬಂತು. ನಾಳೆ ಎಂದರೆ ಇವರು ನಾಳೆಯೂ ಹಗ್ಗ ತರುತ್ತಾರೆ. ಹುಬ್ಬಳ್ಳಿ ಸ್ಟೇಶನ್ನು ಕಣ್ಣೆದುರು ಬಂದು ವ್ಯಾಸರಾಜನ ಬಾಯಿಂದ ಬೇರೆಯೇ ಮಾತು ಹೊರಟಿತು: "ಇವು ಸರಕಾರಿ ಆಯುಧ, ಸಾಹೇಬರ. ಸರಕಾರದ ಹುಕುಂ ಆಗೂ ತನಕ ಇಳಿಸ್ಲಿಕ್ಕೆ ಬರೂದಿಲ್ಲ."

ಅಧ್ಯಕ್ಷರ ಮುಖ ಅರಳಿತು. ಬೆಳಗಿನಿಂದ ಅವರಿಗೆ ಅರ್ಥವಾದ ಮೊದಲ ಮಾತು ಅದು. "ಬರೋಬರ್! ಹುಕುಂ ಇಲ್ಲದೆ ಹೇಗೆ ಇಳಿಸುವುದು?" ಎಂದು ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು. ಚೂರಿಯು ಪೂಜಾರ್ಹವಾಗಿದ್ದು ಪರೀಕ್ಷೆ ಮುಗಿದಿದೆ ಎಂದು ಅಲ್ಲೇ ಬರೆದುಕೊಟ್ಟು, ಪ್ರಸಾದದ ಪೇಢೆ ತಿಂದು, ರೈಲಿಗೆ ಹೋದರು.

ವ್ಯಾಸರಾಜ ಮನೆಗೆ ಓಡಿದ. ಕೃಷ್ಣವೇಣಿ ಸಜ್ಜಿಗೆ ಮಾಡಿದಳು. ಅದರ ಸಿಹಿ ಬಾಯಲ್ಲಿರುವಾಗಲೇ ದಿಲ್ಲಿಯ ಹುಕುಂ ಬಂತು:

"ವಜ್ರಾಂಗ ಚೂರಿಗಳು ಮುಂದಿನ ಆದೇಶದವರೆಗೆ ಪೂಜೆಯಲ್ಲೇ ಮುಂದುವರಿಯತಕ್ಕದ್ದು. ಪೂಜೆಗೆ ಕೂಡಿಸಿದವನೇ ಇಳಿಸಬೇಕೆಂಬ ಸಂಪ್ರದಾಯವನ್ನು ಸರಕಾರವು ಗೌರವಿಸುವುದರಿಂದ, ಪರೀಕ್ಷಕ ವ್ಯಾಸರಾಜ ಇವರು ಅಲ್ಲಿಯವರೆಗೆ ಸ್ಥಳ ಬಿಡತಕ್ಕದ್ದಲ್ಲ. ಅವರ ವರ್ಗಾವಣೆಯನ್ನು ರದ್ದು ಮಾಡಿಲ್ಲ, ಕಾದಿರಿಸಲಾಗಿದೆ."

ಇತರರಿಗೆ ಅನುಕೂಲವೇ ಆಯಿತೆನ್ನಿ. ರಕ್ಷಕರು ಚೌಕಿಗಳಲ್ಲಿ ವಜ್ರಾಂಗವನ್ನು ಪೂಜೆಯ ಮಣೆಯ ಮೇಲಿಟ್ಟು ಕುಡುಗೋಲು ಹಿಡಿದು ಕಾಡಿಗೆ ಹೋದರು, ಚಡ್ಡಿಗಳು ನಿಂತವು. ದತ್ತು ಕಚೇರಿಯ ಚೂರಿಗಳಿಗೆ ಕೈಮುಗಿದು, ಕಾಡಿನಿಂದ ಊರಿಗೆ ವರ್ಗವಾಗಲೆಂದು ಬೇಡಿಕೊಂಡ. ಪೂಜೆಗೆ ಕಾವಲು ಬೇಕೆಂದು ಮರುವಾರವೇ ಅವನನ್ನು ರಾಮದಾಸಪೇಠಕ್ಕೆ ಹಾಕಿದರು. ಸುದ್ದಿ ಹಬ್ಬಿತು. ವಜ್ರಾಂಗನಿಗೆ ಹರಕೆ ಹೊತ್ತರೆ ಕೇಳಿದ ಊರು ಸಿಗುತ್ತದಂತೆ! ರೈಲ್ವೆಯವರು, ಬ್ಯಾಂಕಿನವರು, ಮದ್ದುಗುಂಡಿನ ಕಾರ್ಖಾನೆಯವರು ತೆಂಗಿನಕಾಯಿ ಹಿಡಿದು ಸರತಿ ನಿಂತರು. ವ್ಯಾಸರಾಜ ದಿನವೂ ತೀರ್ಥ ಕೊಟ್ಟು ಒಬ್ಬನನ್ನು ಗದಗಕ್ಕೆ, ಇನ್ನೊಬ್ಬನನ್ನು ಬೆಳಗಾವಿಗೆ ಕಳಿಸುತ್ತಿದ್ದ. ಅವನ ಹೊಟ್ಟೆ ಉರಿಯುತ್ತಿತ್ತು, ಕೈ ಮಾತ್ರ ಆರತಿ ಬೆಳಗುತ್ತಿತ್ತು.

ಅವನೂ ಹರಕೆ ಹೊರಬಹುದಿತ್ತಲ್ಲ ಎಂದರೆ, ಇಲ್ಲ. ಸರಕಾರಿ ನೌಕರನು ತನ್ನ ಸ್ವಂತ ವಿಷಯವನ್ನು ದೇವರಿಗೆ ನೇರವಾಗಿ ಅರಿಕೆ ಮಾಡತಕ್ಕದ್ದಲ್ಲ, ಮೇಲಧಿಕಾರಿಗಳ ಮೂಲಕವೇ ಮಾಡತಕ್ಕದ್ದು. ಪಿಂಪಳಖುಟೆ ಸಾಹೇಬರು ಅವನ ಹರಕೆಯನ್ನು ದೇವರ ಸೇವೆಗೆ ಈತ ಅನಿವಾರ್ಯ ಎಂದು ಬರೆದು ಹಿಂದಿರುಗಿಸಿದರು.

ಕೃಷ್ಣವೇಣಿ ಸರಕಾರಿ ನೌಕರಳಲ್ಲ. ಒಂದು ಶುಕ್ರವಾರ ಸೆರಗು ಹೊದ್ದುಕೊಂಡು ಸರತಿಯಲ್ಲಿ ನಿಂತೇಬಿಟ್ಟಳು. ಹರಕೆ ಬರೆದುಕೊಳ್ಳುವ ಕೆಲಸ ದತ್ತುವಿನದು.

"ಯಾವ ಊರು, ಬಾಯಿಸಾಹೇಬ?"

"ಹುಬ್ಬಳ್ಳಿ."

"ಯಾರಿಗೆ ವರ್ಗ? ಹೆಸರು ಹೇಳಿ."

ಗಂಡನ ಹೆಸರು! ಮದುವೆಯಾದಂದಿನಿಂದ ಆಕೆ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಕೃಷ್ಣವೇಣಿ ಕೆಂಪಾಗಿ, ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ದತ್ತುವಿನ ಹೆಂಡತಿಯೂ ಅವನ ಹೆಸರು ಹೇಳಿದವಳಲ್ಲವಾದ್ದರಿಂದ ಅವನು ಒತ್ತಾಯಿಸಲಿಲ್ಲ. ಆಕೆ ಯಾರ ಹೆಂಡತಿಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನು ಬರೆಯುವ ಅಧಿಕಾರ ಅವನಿಗಿರಲಿಲ್ಲ. ಹೆಸರು ಹೇಳದಿದ್ದಲ್ಲಿ ಕಚೇರಿಯ ಮುಖ್ಯಸ್ಥರ ಹೆಸರು ಬರೆಯತಕ್ಕದ್ದು ಎಂಬ ನಿಯಮದಂತೆ ಬರೆದ.

ವಜ್ರಾಂಗ ಕೈಬಿಡಲಿಲ್ಲ. ಸ್ವಲ್ಪ ದಿನದಲ್ಲೇ ಆದೇಶ ಬಂತು: ಲಕ್ಷ್ಮೀಕಾಂತರಾವ್ ಪಿಂಪಳಖುಟೆ, ಹುಬ್ಬಳ್ಳಿಗೆ. ಅಲ್ಲಿ ಖಾಲಿ ಇದ್ದದ್ದು ವ್ಯಾಸರಾಜನಿಗೆ ಕಾದಿರಿಸಿದ್ದ ಅದೊಂದೇ ಜಾಗ.

"ದೇವರು ಕೇಳಿದ್ದನ್ನ ಬರೋಬರ್ ಕೊಟ್ಟಾನ್ರಿ," ಎಂದಳು ಕೃಷ್ಣವೇಣಿ. "ತಪ್ಪು ನಂದ." ಮರುದಿನದಿಂದ ನೈವೇದ್ಯಕ್ಕೆ ಹುಗ್ಗಿ ಮಾಡಿ ಕಳಿಸತೊಡಗಿದಳು.

ಹೊರಡುವ ದಿನ ಸಾಹೇಬರು ತೆಂಗಿನಕಾಯಿ ಹಿಡಿದು ಎಲ್ಲರಂತೆ ಸರತಿಯಲ್ಲೇ ಬಂದರು. ಮುಖ ಬಾಡಿತ್ತು. "ವ್ಯಾಸರಾಜ, ಅಲ್ಲಿಯ ಭಾಷೆ ನನಗೆ ಒಂದಕ್ಷರ ಬಾರದು. ಜನರನ್ನು ಕಂಡರೆ ಮೊದಲು ಏನು ಕೇಳಬೇಕು?"

"'ಊಟಾ ಆತೇನ್ರಿ' ಅಂತ ಕೇಳ್ರಿ, ಸಾಹೇಬರ."

ಸಾಹೇಬರು ಕಣ್ಣು ಮುಚ್ಚಿ, ಅಕ್ಷರ ಅಕ್ಷರ ಕೂಡಿಸಿಕೊಂಡು, ವ್ಯಾಸರಾಜನ ಮುಖ ನೋಡಿ ಕೇಳಿದರು: "ಊಟಾ... ಆತೇನ್ರಿ?"

ಆ ಕಚೇರಿಯಲ್ಲಿ ಯಾರಾದರೂ ಅವನನ್ನು ಕನ್ನಡದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಇನ್ನೂ ಆಗಿಲ್ರೀ, ಸಾಹೇಬರ," ಎಂದು ಹೇಳಿ, ಅವರ ಅಂಗೈಗೆ ತೀರ್ಥ ಹಾಕಿದ. ದತ್ತು ಮುಂದಿನವರನ್ನು ಕರೆದ.